ಆಪ್ಟೋಮೆಟ್ರಿ ಲೈಸೆನ್ಸ್: ಯಾವ ಕಾರಣಕ್ಕೆ ನಿರಾಕರಿಸುತ್ತಾರೆ, ಯಾವ ಕಾರಣಕ್ಕೆ ಕಿತ್ತುಕೊಳ್ಳುತ್ತಾರೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬಿ.ಆಪ್ಟಮ್ (ಕಣ್ಣು ಪರೀಕ್ಷಿಸಿ ಕನ್ನಡಕದ ಚೀಟಿ ಬರೆಯುವ ಆಪ್ಟೋಮೆಟ್ರಿಯ ಪದವಿ) ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಇಲ್ಲಿ ಮತ್ತೆ ಓದಿ ಓ.ಡಿ. (ಡಾಕ್ಟರ್ ಆಫ್ ಆಪ್ಟೋಮೆಟ್ರಿ) ಪದವಿ ಪಡೆದೆ. ರಾಷ್ಟ್ರೀಯ ಪರೀಕ್ಷೆಗಳೂ ಪಾಸಾದವು. ಈಗ ರಾಜ್ಯದ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. 2021ರಲ್ಲಿ ಒಂದು ಪಾರ್ಟಿಯಿಂದ ಬರುವಾಗ ಕುಡಿದು ಕಾರು ಓಡಿಸಿದ್ದಕ್ಕೆ ಪೊಲೀಸರು ಹಿಡಿದಿದ್ದರು. ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ (ಕೋರ್ಟಿನ ಷರತ್ತುಗಳಿಗೆ ಒಳಪಟ್ಟಿರುವ ಅವಧಿ) ಮುಗಿಸಿದೆ. 2024ರಲ್ಲಿ ಕೋರ್ಟ್ ಆ ಕೇಸನ್ನು ಡಿಸ್ಮಿಸ್ ಮಾಡಿತು. ಇದೇ ಕಾರಣಕ್ಕೆ ಲೈಸೆನ್ಸ್ ಕೊಡದೆ ಹೋಗಬಹುದಾ? ಲೈಸೆನ್ಸ್ ಸಿಕ್ಕರೂ ಒಬ್ಬ ಪೇಷೆಂಟ್ ದೂರು ಕೊಟ್ಟರೆ ಸಾಕು, ಕಿತ್ತುಕೊಳ್ಳುತ್ತಾರೆ ಅಂತ ಗೆಳತಿ ಹೇಳುತ್ತಾಳೆ. ಅದು ನಿಜವಾ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಡುತ್ತೇನೆ. 2021ರ ಆ ಒಂದು ಕೇಸಿನ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಆಪ್ಟೋಮೆಟ್ರಿ ಬೋರ್ಡ್ ನಿಮಗೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಕಾನೂನೇ ಹಾಗೆ ಹೇಳುತ್ತದೆ. ಧೈರ್ಯವಾಗಿ ಅರ್ಜಿ ಹಾಕಿ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಎಷ್ಟೋ ವರ್ಷದ ಹಳೆಯ ಪ್ರಕರಣಗಳನ್ನು ಕೆದಕಿ ಬೋರ್ಡ್‌ಗಳು ಅರ್ಜಿ ತಳ್ಳಿಹಾಕುತ್ತಿದ್ದವು. 2018ರಲ್ಲಿ ರಾಜ್ಯದ ಶಾಸನಸಭೆ ಎಬಿ 2138 ಎಂಬ ಮಸೂದೆಯನ್ನು ಪಾಸು ಮಾಡಿತು. ಅದು 2020ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜ್ಯದ ವೃತ್ತಿಗಳ ಕಾನೂನಾದ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 480ನೇ ಸೆಕ್ಷನ್ ಈಗ ಹೇಳುವುದು ಇಷ್ಟು. ಅಪರಾಧ ಸಾಬೀತಾಗಿದ್ದರೂ, ಲೈಸೆನ್ಸ್ ನಿರಾಕರಿಸಬೇಕಾದರೆ ಅದಕ್ಕೂ ನೀವು ಮಾಡಲಿರುವ ಕೆಲಸಕ್ಕೂ ಗಟ್ಟಿ ಸಂಬಂಧ ಇರಬೇಕು. ಅದು ಅರ್ಜಿ ಹಾಕುವ ದಿನಕ್ಕೆ ಹಿಂದಿನ ಏಳು ವರ್ಷದೊಳಗಿನದ್ದಾಗಿರಬೇಕು. ಗಂಭೀರ ಫೆಲನಿಗಳಂಥ (ದೊಡ್ಡ ಅಪರಾಧಗಳಂಥ) ಕೆಲವು ಪ್ರಕರಣಗಳಿಗೆ ಈ ಏಳು ವರ್ಷದ ಮಿತಿ ಇಲ್ಲ. ಬರೀ ಅರೆಸ್ಟ್ ಆಗಿ, ಶಿಕ್ಷೆಯಾಗದೆ ಹೋದ ಪ್ರಕರಣವನ್ನು ಲೆಕ್ಕಕ್ಕೆ ಹಿಡಿಯುವಂತೆಯೇ ಇಲ್ಲ. ನಿಮಗೆ ಮುಖ್ಯವಾದ ಮಾತು ಮುಂದಿದೆ. ರಾಜ್ಯದ ದಂಡಸಂಹಿತೆಯಾದ ಪೀನಲ್ ಕೋಡ್‌ನ 1203.4ನೇ ಸೆಕ್ಷನ್ ಪ್ರಕಾರ ಕೋರ್ಟ್ ಡಿಸ್ಮಿಸ್ ಮಾಡಿದ ಕೇಸನ್ನಾಗಲಿ, ಅದರ ಹಿಂದಿನ ಘಟನೆಯನ್ನಾಗಲಿ ನಿರಾಕರಣೆಗೆ ಕಾರಣ ಮಾಡುವಂತಿಲ್ಲ. ಪ್ರೊಬೇಷನ್ ಮುಗಿದ ಮೇಲೆ ಕೋರ್ಟ್ ಡಿಸ್ಮಿಸ್ ಮಾಡುವುದು ಸಾಮಾನ್ಯವಾಗಿ ಇದೇ ಸೆಕ್ಷನ್ ಅಡಿ. ನಿಮ್ಮ ಆದೇಶದಲ್ಲಿ ಆ ನಂಬರ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಮಾಡಬೇಕಾದ ಒಂದು ಕೆಲಸ ಇದೆ. ಲೈವ್ ಸ್ಕ್ಯಾನ್ ಎಂಬ ಡಿಜಿಟಲ್ ವಿಧಾನದಲ್ಲಿ ನೀವು ಬೆರಳಚ್ಚು ಕೊಟ್ಟ ತಕ್ಷಣ ರಾಜ್ಯದ ನ್ಯಾಯ ಇಲಾಖೆಯ ದಾಖಲೆ, ಎಫ್‌ಬಿಐ ದಾಖಲೆ ಎರಡೂ ಬೋರ್ಡ್‌ಗೆ ಹೋಗುತ್ತವೆ. ಅದರಲ್ಲಿ 2021ರ ಶಿಕ್ಷೆ ಕಾಣುತ್ತದೆ, ಆದರೆ 2024ರ ಡಿಸ್ಮಿಸಲ್ ಕೆಲವೊಮ್ಮೆ ಏರಿರುವುದಿಲ್ಲ. ಹಾಗೇನಾದರೂ ಆದರೆ ಪುರಾವೆ ಕೊಡುವ ಹೊಣೆ ಅರ್ಜಿದಾರರದ್ದು. ಆದ್ದರಿಂದ ಕೋರ್ಟ್ ಕ್ಲರ್ಕ್ ಹತ್ತಿರ ಹೋಗಿ ಆದೇಶದ ದೃಢೀಕೃತ ಪ್ರತಿಯನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಅರ್ಜಿ ಸುಮ್ನೆ ತಿಂಗಳುಗಟ್ಟಲೆ ಕೊಳೆಯುವುದು ತಪ್ಪುತ್ತದೆ.

ಕ್ರಿಮಿನಲ್ ಇತಿಹಾಸ ಬರೆದುಕೊಡಿ ಅಂತ ಬೋರ್ಡ್ ನಿಮ್ಮನ್ನು ಒತ್ತಾಯಿಸುವಂತಿಲ್ಲ. ನಿಮ್ಮ ಸುಧಾರಣೆಗೆ ಸಂಬಂಧಿಸಿದ ಮಾಹಿತಿ ಇದ್ದರೆ ಕೊಡಿ ಅಂತ ಕೇಳಬಹುದು. ಕೊಡುವುದು, ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತೀರಿ ಎಂದಾದರೆ ಸುಳ್ಳು ಬರೆಯಬೇಡಿ. ಅರ್ಜಿಯಲ್ಲಿ ಕೊಡಲೇಬೇಕಾದ ವಿಷಯದ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ ಅದೇ ಒಂದು ಪ್ರತ್ಯೇಕ ಕಾರಣ. ಹಳೆಯ ತಪ್ಪನ್ನು ಕಾನೂನು ಕ್ಷಮಿಸಿದ್ದರೂ ಹೊಸ ಸುಳ್ಳಿಗೆ ಕ್ಷಮೆ ಇಲ್ಲ. ಬೇರೆ ರಾಜ್ಯದಲ್ಲೋ ದೇಶದಲ್ಲೋ ಲೈಸೆನ್ಸ್ ಮೇಲೆ ಕ್ರಮ ಆಗಿದ್ದರೆ ಅದೂ ನಿರಾಕರಣೆಗೆ ಕಾರಣವಾಗಬಹುದು. ನಿಮಗೆ ಆ ತೊಂದರೆ ಇಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕೇಸ್ ಡಿಸ್ಮಿಸ್ ಆಗಿದೆ ಅನ್ನುವುದು ಲೈಸೆನ್ಸ್ ಬೋರ್ಡಿನ ಮುಂದೆ ನಡೆಯುತ್ತದೆ, ಇಮಿಗ್ರೇಷನ್ ಮುಂದೆ ನಡೆಯುವುದಿಲ್ಲ. 1203.4 ಅಡಿ ಡಿಸ್ಮಿಸ್ ಆದ ಕೇಸನ್ನೂ ಅವರು ಶಿಕ್ಷೆ ಎಂದೇ ಹಿಡಿಯುತ್ತಾರೆ. ಕುಡಿದು ಓಡಿಸಿದ ಕೇಸಿಗೆ ಅರೆಸ್ಟ್ ಆದವರ ವೀಸಾವನ್ನೇ ಅಮೆರಿಕದ ವಿದೇಶಾಂಗ ಇಲಾಖೆ ರದ್ದು ಮಾಡಿದ ಉದಾಹರಣೆಗಳು ಬಹಳ ಇವೆ. ನೀವಿನ್ನೂ ವೀಸಾದಲ್ಲೋ ಗ್ರೀನ್ ಕಾರ್ಡ್ ಸಾಲಿನಲ್ಲೋ ಇದ್ದರೆ ಊರಿಗೆ ಹೋಗುವ ಮೊದಲು ಇಮಿಗ್ರೇಷನ್ ವಕೀಲರನ್ನು ಕಂಡು ಮಾತಾಡಿ. ಲೈಸೆನ್ಸ್ ಅರ್ಜಿಯಲ್ಲಿ ಬರೆದದ್ದಕ್ಕೂ ವೀಸಾ ಅರ್ಜಿಯಲ್ಲಿ ಬರೆದದ್ದಕ್ಕೂ ತಾಳೆಯಾಗಬೇಕು.

ಇನ್ನು, ಲೈಸೆನ್ಸ್ ಕೈಗೆ ಬಂದ ಮೇಲೆ ಆಟದ ನಿಯಮವೇ ಬೇರೆ. ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎಬಿ 2138 ಕೊಟ್ಟಿರುವ ರಕ್ಷಣೆ ಅರ್ಜಿದಾರರಿಗೆ ಮಾತ್ರ. ಲೈಸೆನ್ಸ್ ಪಡೆದವರು ಮತ್ತೆ ಕುಡಿದು ಓಡಿಸಿ ಸಿಕ್ಕಿಬಿದ್ದರೆ, ಆಮೇಲೆ ಕೋರ್ಟ್ ಆ ಕೇಸನ್ನು ಡಿಸ್ಮಿಸ್ ಮಾಡಿದರೂ ಬೋರ್ಡ್ ಕ್ರಮ ಕೈಗೊಳ್ಳಬಹುದು. ಆಪ್ಟೋಮೆಟ್ರಿಸ್ಟ್‌ಗಳ ದುರ್ನಡತೆಯನ್ನು ಪಟ್ಟಿ ಮಾಡುವ, ಅದೇ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 3110ನೇ ಸೆಕ್ಷನ್‌ನಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಬಗ್ಗೆ ಒಂದು ಭಾಗವೇ ಇದೆ. ತನಗೋ ಬೇರೆಯವರಿಗೋ ಅಪಾಯ ಆಗುವಂತೆ ಕುಡಿಯುವುದೂ ಕಾರಣ, ಕುಡಿತಕ್ಕೆ ಸಂಬಂಧಿಸಿದ ಶಿಕ್ಷೆಯೂ ಕಾರಣ. ರಾತ್ರಿ ರಸ್ತೆಯಲ್ಲಿ ನಡೆದದ್ದಕ್ಕೂ ಹಗಲು ಕ್ಲಿನಿಕ್‌ನಲ್ಲಿ ಮಾಡುವ ಕೆಲಸಕ್ಕೂ ಏನು ಸಂಬಂಧ ಅಂತ ಒಬ್ಬ ವೈದ್ಯರು ಕೋರ್ಟ್‌ನಲ್ಲಿ ವಾದಿಸಿದ್ದರು. 2002ರ ಗ್ರಿಫಿತ್ಸ್ ಪ್ರಕರಣ ಅದು. ಕೋರ್ಟ್ ಒಪ್ಪಲಿಲ್ಲ. ಪೇಷೆಂಟ್‌ಗೆ ಪೆಟ್ಟಾಗುವವರೆಗೂ ಬೋರ್ಡ್ ಕಾಯಬೇಕಿಲ್ಲ ಅಂತ ಹೇಳಿತು. ನನಗೂ ಅದು ಸರಿ ಅನ್ನಿಸುತ್ತದೆ. ಲೈಸೆನ್ಸ್ ಇರುವುದು ಪೇಷೆಂಟ್‌ಗಳ ರಕ್ಷಣೆಗೆ. ನಮಗೆ ಬಹುಮಾನ ಕೊಡುವುದಕ್ಕೋ ನಮ್ಮನ್ನು ಶಿಕ್ಷಿಸುವುದಕ್ಕೋ ಅಲ್ಲ.

ಈಗ ನಿಮ್ಮ ಗೆಳತಿಯ ಮಾತಿಗೆ ಬರೋಣ. ಒಂದು ದೂರು ಬಂದ ಮಾತ್ರಕ್ಕೆ ಲೈಸೆನ್ಸ್ ಹೋಗುವುದಿಲ್ಲ. ಕನ್ನಡಕದ ಪವರ್ ಹೊಂದಲಿಲ್ಲ, ಕಾಯಿಸಿದರು, ಒರಟಾಗಿ ಮಾತಾಡಿದರು ಎಂಬಂಥ ದೂರುಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಜಾಸ್ತಿ ದೂರುಗಳು ಒಂದೆರಡು ಪತ್ರದಲ್ಲೇ ಮುಗಿದುಹೋಗುತ್ತವೆ. ಒಂದೇ ಒಂದು ಸಣ್ಣ ಅಜಾಗರೂಕತೆ ಕೂಡ ಸಾಲದು. ಕಾನೂನು ಕೇಳುವುದು ಒಂದೋ ಘೋರ ನಿರ್ಲಕ್ಷ್ಯ, ಇಲ್ಲವೇ ಮತ್ತೆ ಮತ್ತೆ ಮಾಡಿದ ನಿರ್ಲಕ್ಷ್ಯ, ಇಲ್ಲವೇ ಕೆಲಸವೇ ಬಾರದಿರುವುದು. ಘೋರ ಅಂದರೆ ಜವಾಬ್ದಾರಿಯುಳ್ಳ ಯಾವ ಆಪ್ಟೋಮೆಟ್ರಿಸ್ಟೂ ಮಾಡದಂಥದ್ದು. ಮತ್ತೆ ಮತ್ತೆ ಅಂದರೆ ಎಷ್ಟು ಸಲ? ಎರಡು ಸಲ ಆದರೂ ಸಾಕು ಅಂತ ಒಬ್ಬ ವೈದ್ಯರ ಪ್ರಕರಣದಲ್ಲಿ 2000ದಲ್ಲಿ ಮೇಲ್ಮನವಿ ಕೋರ್ಟ್ ಹೇಳಿದೆ. ಇದನ್ನು ಸಾಬೀತು ಮಾಡುವ ಹೊಣೆ ಬೋರ್ಡಿನದು. ಅದೂ ಸಾಮಾನ್ಯ ಸಿವಿಲ್ ಕೇಸಿಗಿಂತ ಗಟ್ಟಿಯಾದ, ಸ್ಪಷ್ಟವಾದ, ನಂಬಿಕೆ ಹುಟ್ಟಿಸುವ ಸಾಕ್ಷ್ಯ ಬೇಕು. 1982ರ ಎಟಿಂಗರ್ ತೀರ್ಪಿನಿಂದ ಕ್ಯಾಲಿಫೋರ್ನಿಯಾದಲ್ಲಿ ವೃತ್ತಿಪರ ಲೈಸೆನ್ಸ್‌ಗಳಿಗೆ ಈ ಅಳತೆಗೋಲು ಬಂದಿದೆ.

ಹಾಗಾದರೆ ಲೈಸೆನ್ಸ್‌ಗೆ ನಿಜವಾಗಿಯೂ ಕುತ್ತು ಬರುವುದು ಎಲ್ಲಿ? 3110ನೇ ಸೆಕ್ಷನ್‌ನ ಪಟ್ಟಿ ಉದ್ದವಾಗಿದೆ. ಪೂರ್ತಿ ಒಪ್ಪಿಸುವುದಿಲ್ಲ. ನೀವು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಎದುರಾಗುವಂಥವನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೇಲೆ ನಾನಿಡುವುದು ರೆಫರ್ ಮಾಡದೆ ಇರುವುದನ್ನು. ಪರೀಕ್ಷೆಯಲ್ಲಿ ವೈದ್ಯರೇ ನೋಡಬೇಕಾದ ಕಾಯಿಲೆ ಇರುವ ಸಾಧ್ಯತೆ ಬಲವಾಗಿ ಕಂಡರೂ ಪೇಷೆಂಟ್‌ನ ಅವರ ಹತ್ತಿರ ಕಳಿಸದಿದ್ದರೆ ಅದೇ ಒಂದು ದುರ್ನಡತೆ ಅಂತ ಕಾನೂನು ಪ್ರತ್ಯೇಕವಾಗಿ ಬರೆದಿದೆ. 52 ವರ್ಷದ ಒಬ್ಬರು ಬಂದರು ಅಂತಿಟ್ಟುಕೊಳ್ಳಿ. ಶನಿವಾರ ಸಂಜೆ, ಅಂಗಡಿ ಮುಚ್ಚುವ ಹೊತ್ತು. ಓದುವ ಕನ್ನಡಕ ಬೇಕು ಅನ್ನುತ್ತಾರೆ. ಮಾತಿನ ಮಧ್ಯೆ, ಎರಡು ದಿನದಿಂದ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿದೆ, ಕಪ್ಪು ಚುಕ್ಕೆಗಳು ತೇಲುತ್ತಿವೆ ಅನ್ನುತ್ತಾರೆ. ಈ ವಯಸ್ಸಿನಲ್ಲಿ ಬಹಳ ಸಲ ಇದು ಕಣ್ಣಿನೊಳಗಿನ ಜೆಲ್ ರೆಟಿನಾದಿಂದ (ಕಣ್ಣಿನ ಹಿಂಭಾಗದ ಪದರದಿಂದ) ಬಿಟ್ಟುಕೊಳ್ಳುವುದಷ್ಟೇ. ಆದರೆ ಕೆಲವರಲ್ಲಿ ಅದು ರೆಟಿನಾವನ್ನೂ ಹರಿಯುತ್ತದೆ. ಆ ಹರಿದ ಜಾಗದಿಂದ ನೀರು ಒಳಹೊಕ್ಕರೆ ರೆಟಿನಾ ಕಳಚಿಕೊಳ್ಳಲು ಶುರುವಾಗುತ್ತದೆ. ನಡುವಿನ ಮ್ಯಾಕುಲಾ ಕಳಚುವ ಮೊದಲು ಸರ್ಜನ್ ಕೈಗೆ ಸಿಕ್ಕರೆ ದೃಷ್ಟಿ ಉಳಿಯುವ ಸಾಧ್ಯತೆ ಜಾಸ್ತಿ. ಕಳಚಿದ ಮೇಲೆ ಸಿಕ್ಕರೆ ಬಹಳ ಸಲ ಮೊದಲಿನಂತೆ ಆಗುವುದಿಲ್ಲ.

ಆ ಸಂಜೆ ಮಾಡಬೇಕಾದದ್ದು ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡುವುದು. ಹರಿದದ್ದು ಕಂಡರೆ ಅವತ್ತೇ ರೆಟಿನಾ ತಜ್ಞರಿಗೆ ಫೋನ್ ಮಾಡಿ ಕಳಿಸುವುದು. ನಮಗೆ ಸರಿಯಾಗಿ ನೋಡಲು ಆಗದಿದ್ದರೂ ಕಳಿಸುವುದು. "ಸೋಮವಾರ ಯಾರಿಗಾದರೂ ತೋರಿಸಿಕೊಳ್ಳಿ" ಅಂತ ಬಾಯಿಮಾತಿನಲ್ಲಿ ಹೇಳಿ ಕನ್ನಡಕದ ಚೀಟಿ ಕೊಟ್ಟು ಕಳಿಸಿದರೆ, ಮುಂದೆ ಬೋರ್ಡ್ ನೇಮಿಸಿದ ತಜ್ಞರ ವರದಿಯಲ್ಲಿ ಘೋರ ನಿರ್ಲಕ್ಷ್ಯ ಎಂಬ ಪದ ಬರುವುದು ಖಂಡಿತ. ಅಂಗಡಿಯ ಮ್ಯಾನೇಜರ್ ಹತ್ತು ನಿಮಿಷಕ್ಕೊಬ್ಬರನ್ನು ನೋಡಿ ಅಂದಿದ್ದರು ಎಂಬುದು ಅಲ್ಲಿ ಉತ್ತರವೇ ಅಲ್ಲ. ಲೈಸೆನ್ಸ್ ಇರುವುದು ನಿಮ್ಮ ಹೆಸರಲ್ಲಿ, ಮ್ಯಾನೇಜರ್ ಹೆಸರಲ್ಲಲ್ಲ. ಇದನ್ನು ನಾನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಅದರ ಬೆನ್ನಿಗೇ ಬರುವುದು ಚಾರ್ಟ್, ಅಂದರೆ ಪೇಷೆಂಟ್‌ನ ಪರೀಕ್ಷೆಯ ದಾಖಲೆ. ಸರಿಯಾದ, ಸಾಕಷ್ಟು ದಾಖಲೆ ಇಡದೆ ಇರುವುದೂ ಪಟ್ಟಿಯಲ್ಲಿರುವ ಕಾರಣ. ನೀವು ಒಳ್ಳೆಯ ಪರೀಕ್ಷೆ ಮಾಡಿದ್ದರೂ ಬರೆಯದೆ ಬಿಟ್ಟರೆ ಮಾಡಿಲ್ಲ ಅಂತಲೇ ಓದುತ್ತಾರೆ. ಮಾಡದೇ ಇದ್ದದ್ದನ್ನು ಬರೆದರೆ ಅದು ಇನ್ನೂ ಕೆಟ್ಟದ್ದು. ಇವತ್ತಿನ ಸಾಫ್ಟ್‌ವೇರ್‌ಗಳಲ್ಲಿ ಹೋದ ವರ್ಷದ ಪರೀಕ್ಷೆಯನ್ನು ಒಂದು ಕ್ಲಿಕ್‌ನಲ್ಲಿ ಈ ವರ್ಷಕ್ಕೆ ಎಳೆದುಕೊಳ್ಳಬಹುದು. ಅನಾಹುತ ಆಗುವುದು ಅಲ್ಲೇ. ಪೇಷೆಂಟ್‌ನ ಬಲಗಣ್ಣು ಕೃತಕ ಕಣ್ಣು ಅಂತ ಮೊದಲ ಪುಟದಲ್ಲಿ ಇರುತ್ತದೆ. ಮೂರನೇ ಪುಟದಲ್ಲಿ "ಎರಡೂ ಪಾಪೆಗಳು ಬೆಳಕಿಗೆ ಸಮನಾಗಿ ಕುಗ್ಗುತ್ತವೆ" ಅಂತ ತಾನಾಗಿ ತುಂಬಿಕೊಂಡಿರುತ್ತದೆ. ಆ ಒಂದು ಸಾಲು ಕಂಡ ಮೇಲೆ ಚಾರ್ಟಿನ ಬೇರೆ ಯಾವ ಸಾಲನ್ನೂ ತಜ್ಞರು ನಂಬುವುದಿಲ್ಲ.

ಬರೆಯುವುದು ಹೇಗೆ ಅಂದರೆ, ಬರೀ "ಡೈಲೇಟ್ ಮಾಡಿದೆ" ಅಂತಲ್ಲ. ಟ್ರೋಪಿಕಮೈಡ್ ಶೇಕಡಾ 1, ಎರಡೂ ಕಣ್ಣಿಗೆ ಒಂದೊಂದು ಹನಿ, ಸಂಜೆ 4:20. ಕಣ್ಣಿನ ಒತ್ತಡ ಎಷ್ಟು, ಯಾವ ಉಪಕರಣದಿಂದ, ಎಷ್ಟು ಗಂಟೆಗೆ. ಪೇಷೆಂಟ್ ಡ್ರಾಪ್ಸ್ ಬೇಡ ಅಂದರೆ, ಯಾಕೆ ಬೇಕು ಅಂತ ವಿವರಿಸಿದ್ದು, ಅವರು ಬೇಡ ಅಂದದ್ದು, ಮತ್ತೆ ಯಾವಾಗ ಬರಲು ಹೇಳಿದ್ದು, ಎಲ್ಲವೂ ಬೇಕು. ರೆಫರ್ ಮಾಡಿದರೆ ಯಾರಿಗೆ, ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ ಅನ್ನುವುದೂ ಬೇಕು. ಈ ದಾಖಲೆಗಳನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು. ಮಕ್ಕಳದ್ದಾದರೆ ಏಳು ವರ್ಷದ ಜೊತೆಗೆ ಅವರಿಗೆ 19 ತುಂಬುವವರೆಗೂ ಇರಬೇಕು. ದೂರು ಬಂದ ಮೇಲೆ ಚಾರ್ಟ್ ತೆರೆದು ಒಂದಕ್ಷರವನ್ನೂ ತಿದ್ದಬೇಡಿ. ಯಾವ ಪುಟವನ್ನು ಯಾರು, ಯಾವ ನಿಮಿಷದಲ್ಲಿ ಮುಟ್ಟಿದರು ಅಂತ ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುತ್ತದೆ. ಮೋಸದ ಉದ್ದೇಶದಿಂದ ವೈದ್ಯಕೀಯ ದಾಖಲೆ ತಿದ್ದುವುದು ಪೀನಲ್ ಕೋಡ್‌ನ 471.5ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಅಪರಾಧ. ಬರೀ ಎಚ್ಚರಿಕೆಯಲ್ಲೋ ದಂಡದಲ್ಲೋ ಮುಗಿಯಬಹುದಾಗಿದ್ದ ದೂರು ಲೈಸೆನ್ಸ್ ರದ್ದತಿಗೆ ಹೋಗುವುದು ಹೀಗೇ.

ಬಿಲ್ಲಿಂಗ್ ಬಗ್ಗೆಯೂ ಅಷ್ಟೇ ಕಟ್ಟುನಿಟ್ಟಾಗಿರಿ. ಮಾಮೂಲಿ ಕನ್ನಡಕದ ಪರೀಕ್ಷೆ ಮಾಡಿ, ಒಣಕಣ್ಣಿನ ಕಾಯಿಲೆ ಅಂತ ಮೆಡಿಕಲ್ ಇನ್ಶೂರೆನ್ಸ್‌ಗೆ ಬಿಲ್ ಹಾಕುವುದು. ತೆಗೆಯದ ರೆಟಿನಾ ಫೋಟೋಗೆ ಹಣ ಕೇಳುವುದು. ಕೊಟ್ಟದ್ದು ಒಂದು ಲೆನ್ಸ್, ಬಿಲ್‌ನಲ್ಲಿ ಇನ್ನೊಂದು. ಇವೆಲ್ಲ ಅಪ್ರಾಮಾಣಿಕತೆಯ ಕಾಲಂಗೆ ಬರುತ್ತವೆ. ಅಲ್ಲಿ ಪೇಷೆಂಟ್‌ಗೆ ಹಾನಿಯಾಯಿತಾ ಅಂತ ಯಾರೂ ಕೇಳುವುದಿಲ್ಲ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ವಂಚನೆಯಲ್ಲಿ ಶಿಕ್ಷೆಯಾದರೆ ಕನಿಷ್ಠ ಐದು ವರ್ಷ ಕೇಂದ್ರ ಸರ್ಕಾರದ ಎಲ್ಲಾ ಆರೋಗ್ಯ ಯೋಜನೆಗಳಿಂದ ಹೊರಗಿಡುತ್ತಾರೆ. ಆಮೇಲೆ ಕೆಲಸ ಕೊಡುವವರು ಸಿಗುವುದೇ ಕಷ್ಟ. ನಿಮ್ಮ ಹೆಸರಿನಲ್ಲಿ ಹೋಗುವ ಬಿಲ್‌ಗಳನ್ನು ಆಗಾಗ ತೋರಿಸಿ ಅಂತ ಮಾಲೀಕರನ್ನು ಕೇಳಿ. ತೋರಿಸಲು ಒಪ್ಪದ ಜಾಗದಲ್ಲಿ ಇರಬೇಡಿ. ಪೇಷೆಂಟ್ ಕಳಿಸಿಕೊಟ್ಟವರಿಗೆ ಕಮಿಷನ್ ಕೊಡುವುದು, ಪಡೆಯುವುದು ಎರಡೂ ಅಪರಾಧ. ಊರಲ್ಲಿ ಇದು ಕೆಲವು ಕಡೆ ರೂಢಿಯಲ್ಲಿದೆ ಅಂತ ಇಲ್ಲಿ ಕೈಹಾಕಿದವರಿಗೆ ದೊಡ್ಡ ಪೆಟ್ಟೇ ಬೀಳುತ್ತದೆ.

ಕನ್ನಡಕದ ಪರೀಕ್ಷೆ ಮುಗಿದ ತಕ್ಷಣ ಚೀಟಿಯನ್ನು ಪೇಷೆಂಟ್ ಕೈಗೆ ಕೊಡಬೇಕು. ಅವರು ಕೇಳದಿದ್ದರೂ ಕೊಡಬೇಕು. ಕೇಂದ್ರದ ನಿಯಮ 1978ರಿಂದಲೂ ಇದೆ. ಕಾಂಟ್ಯಾಕ್ಟ್ ಲೆನ್ಸ್‌ಗೂ 2004ರಿಂದ ಇದೇ ನಿಯಮ, ಫಿಟ್ಟಿಂಗ್ ಮುಗಿದ ಮೇಲೆ ಕೊಡಬೇಕು. ನಮ್ಮಲ್ಲೇ ಕನ್ನಡಕ ಕೊಂಡರೆ ಮಾತ್ರ ಚೀಟಿ ಅನ್ನುವ ಹಾಗಿಲ್ಲ.

ಲೈಸೆನ್ಸ್ ಅನುಮತಿಸಿದ ಕೆಲಸದ ವ್ಯಾಪ್ತಿ ಮೀರುವುದು ಇನ್ನೊಂದು ದೊಡ್ಡ ಕಾರಣ. ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಒಕ್ಲಹೋಮದಲ್ಲಿ 1998ರಿಂದ, ಕೆಂಟಕಿಯಲ್ಲಿ 2011ರಿಂದ ಆಪ್ಟೋಮೆಟ್ರಿಸ್ಟ್‌ಗಳು ಕೆಲವು ಲೇಸರ್ ಚಿಕಿತ್ಸೆಗಳನ್ನು ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲೂ ಅಂಥದ್ದೇ ಮಸೂದೆ ಶಾಸನಸಭೆಯಲ್ಲಿ ಪಾಸಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ವೀಟೋ ಹಾಕಿದರು. ಹಾಗಾಗಿ ಒಂದು ರಾಜ್ಯದಲ್ಲಿ ದಿನಾ ಮಾಡುವ ಕೆಲಸ ಇನ್ನೊಂದರಲ್ಲಿ ಲೈಸೆನ್ಸ್ ಕಳೆಯುವ ಕೆಲಸ. ಬೇರೆ ರಾಜ್ಯದಲ್ಲಿ ತರಬೇತಿ ಪಡೆದು ಬಂದವರು ಇದನ್ನು ಮರೆಯಬಾರದು.

ಹೆಸರಿನ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 3098ನೇ ಸೆಕ್ಷನ್ ಪ್ರಕಾರ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಂಡರೆ ಹಿಂದೆ ಆಪ್ಟೋಮೆಟ್ರಿಸ್ಟ್ ಅಂತಲೋ ಓ.ಡಿ. ಅಂತಲೋ ಇರಲೇಬೇಕು. ಇಲ್ಲದಿದ್ದರೆ ಅದೇ ಒಂದು ಕಾರಣ. ನಾಮಫಲಕ, ವಿಸಿಟಿಂಗ್ ಕಾರ್ಡ್, ಯುಗಾದಿ ಸಂಚಿಕೆಗೆ ಕೊಡುವ ಜಾಹೀರಾತು, ಎಲ್ಲಕ್ಕೂ ಇದು ಅನ್ವಯ. ಮುಂದೆ ಸ್ವಂತ ಕ್ಲಿನಿಕ್‌ಗೆ ಬೇರೆ ಹೆಸರಿಡುವುದಾದರೆ ಬೋರ್ಡಿನಿಂದ ಅದಕ್ಕೂ ಪರ್ಮಿಟ್ ಬೇಕು.

ನಮ್ಮವರು ಸಿಕ್ಕಿಹಾಕಿಕೊಳ್ಳಬಹುದಾದ ಒಂದು ಸಂದರ್ಭ ಇದೆ. ಕನ್ನಡ ಕೂಟದವರು ಉಚಿತ ಕಣ್ಣಿನ ಶಿಬಿರ ಇಡುತ್ತಾರೆ. ಊರಿಂದ ಬಂದ ಯಾರೋ ಅನುಭವಿ ಆಪ್ಟೋಮೆಟ್ರಿಸ್ಟ್ ಅತಿಥಿಯಾಗಿ ಇರುತ್ತಾರೆ. "ನೀವೂ ಒಂದಷ್ಟು ಜನರನ್ನು ನೋಡಿ" ಅಂತ ಕೂರಿಸುತ್ತಾರೆ. ಅವರು ಎಷ್ಟೇ ನುರಿತವರಾಗಿರಲಿ, ಈ ರಾಜ್ಯದ ಲೈಸೆನ್ಸ್ ಇಲ್ಲದೆ ಪವರ್ ನೋಡಿ ಚೀಟಿ ಬರೆದರೆ ಅದು ಕಾನೂನುಬಾಹಿರ. ಹಣ ತೆಗೆದುಕೊಂಡಿಲ್ಲ ಎಂಬುದರಿಂದ ಅದು ಸರಿಯಾಗುವುದಿಲ್ಲ. ಲೈಸೆನ್ಸ್ ಇರುವ ನೀವು ಅದಕ್ಕೆ ಅವಕಾಶ ಕೊಟ್ಟರೆ ನೆರವು ಕೊಟ್ಟ ಆರೋಪ ನಿಮ್ಮ ಮೇಲೂ ಬರುತ್ತದೆ. ನಿಮ್ಮ ಲೈಸೆನ್ಸ್ ಬರುವವರೆಗೆ ನೀವೂ ಅಲ್ಲಿ ಕೂರಬೇಡಿ, ಅರ್ಜಿ ಬಾಕಿ ಇರುವಾಗ ಅಂತೂ ಬೇಡವೇ ಬೇಡ.

ಪೇಷೆಂಟ್ ಜೊತೆ ಲೈಂಗಿಕ ದುರ್ವರ್ತನೆ, ತನಗೇ ಮಾದಕ ಔಷಧ ಬರೆದುಕೊಳ್ಳುವುದು, ಸೋಂಕು ತಡೆಯುವ ಕ್ರಮಗಳನ್ನು ಬಿಟ್ಟುಬಿಡುವುದು, ಇವೆಲ್ಲ ಕಾರಣಗಳು ಅನ್ನುವುದನ್ನು ವಿವರಿಸುವ ಅಗತ್ಯ ಇಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ 50 ಗಂಟೆಗಳ ಮುಂದುವರಿದ ಶಿಕ್ಷಣ ಬೇಕು. ಮುಗಿಸದೆ ಮುಗಿಸಿದೆ ಅಂತ ಟಿಕ್ ಹಾಕಬೇಡಿ, ಆಡಿಟ್ ಮಾಡುತ್ತಾರೆ. ಮಕ್ಕಳ ಜೀವನಾಂಶ ಬಾಕಿ ಉಳಿಸಿಕೊಂಡರೂ, ರಾಜ್ಯದ ಅತಿ ದೊಡ್ಡ ತೆರಿಗೆ ಬಾಕಿದಾರರ ಪಟ್ಟಿಗೆ ಸೇರಿದರೂ ಲೈಸೆನ್ಸ್ ತಡೆಹಿಡಿಯಬಹುದು.

ಇನ್ನು ದೂರು ಬಂದರೆ ಏನಾಗುತ್ತದೆ ಅನ್ನುವುದನ್ನು ನೋಡೋಣ. ಮೊದಲು ಬೋರ್ಡಿನಿಂದ ಒಂದು ಪತ್ರ ಬರುತ್ತದೆ. ಪೇಷೆಂಟ್ ಸಹಿ ಮಾಡಿದ ಒಪ್ಪಿಗೆ ಲಗತ್ತಿಸಿ ಚಾರ್ಟ್ ಕೇಳುತ್ತಾರೆ. ಚಾರ್ಟ್ ಕೊಡಲೇಬೇಕು, ಕೊಟ್ಟ ಗಡುವಿನೊಳಗೆ ಕೊಡಬೇಕು. ಆದರೆ ಜೊತೆಗೆ ಉದ್ದನೆಯ ವಿವರಣೆಯನ್ನು ಅದೇ ರಾತ್ರಿ ಕೂತು ಬರೆದು ಕಳಿಸಬೇಡಿ. ಕೋಪದಲ್ಲೋ ಭಯದಲ್ಲೋ ಬರೆದ ಆ ಪತ್ರವೇ ಮುಂದೆ ನಿಮ್ಮ ವಿರುದ್ಧದ ಸಾಕ್ಷಿಯಾಗಬಹುದು. ಮೊದಲು ನಿಮ್ಮ ಮಾಲ್‌ಪ್ರಾಕ್ಟೀಸ್ (ವೃತ್ತಿಲೋಪದ) ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಬೋರ್ಡ್ ವಿಚಾರಣೆಗೆ ವಕೀಲರ ಖರ್ಚು ಕೊಡುವ ಭಾಗ ಇರುತ್ತದೆ. ಜನ ಅದನ್ನು ಓದಿರುವುದೇ ಇಲ್ಲ.

ವಿಷಯ ಸಣ್ಣದಾದರೆ ಸೈಟೇಷನ್ (ಉಲ್ಲಂಘನೆಯ ನೋಟಿಸ್) ಕೊಟ್ಟು 5,000 ಡಾಲರ್‌ವರೆಗೆ ದಂಡ ಹಾಕಬಹುದು. ದೊಡ್ಡದಾದರೆ ಅಟಾರ್ನಿ ಜನರಲ್ ಕಚೇರಿ ಮೂಲಕ ಆರೋಪಪಟ್ಟಿ ಬರುತ್ತದೆ. ಅದು ಸಾರ್ವಜನಿಕ ದಾಖಲೆ, ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಕೆಳಗೇ ಕಾಣುತ್ತದೆ. ಅದು ಬಂದ 15 ದಿನದೊಳಗೆ ವಿಚಾರಣೆ ಬೇಕು ಅಂತ ಬರೆದು ಕಳಿಸಬೇಕು. ಕಳಿಸದಿದ್ದರೆ ನೀವು ಗೈರುಹಾಜರು ಎಂದು ಹಿಡಿದು, ಲೈಸೆನ್ಸ್ ರದ್ದು ಮಾಡುವ ಅಧಿಕಾರ ಬೋರ್ಡ್‌ಗೆ ಸಿಗುತ್ತದೆ. ರದ್ದತಿಯ ಆದೇಶ ಬಂದ ಮೇಲೆ ತೆರವು ಮಾಡಿ ಅಂತ ಕೇಳಲು ಸಿಗುವುದು ಏಳೇ ದಿನ. ಬೋರ್ಡ್ ಆ ಪತ್ರ ಕಳಿಸುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ನೀವು ಮನೆ ಬದಲಿಸಿ ತಿಳಿಸದಿದ್ದರೆ, ಅಥವಾ ರಜೆಗೆ ಎರಡು ತಿಂಗಳು ಮೈಸೂರಿಗೆ ಹೋಗಿ ಅಂಚೆ ನೋಡುವವರು ಯಾರೂ ಇಲ್ಲದಿದ್ದರೆ, ಗೆಲ್ಲಬಹುದಾದ ಕೇಸೂ ಕೈಬಿಟ್ಟು ಹೋಗುತ್ತದೆ. ವಿಳಾಸ ಬದಲಾದ ವಾರವೇ ಬೋರ್ಡ್‌ಗೆ ತಿಳಿಸಿ. ಊರಿಗೆ ಹೋಗುವಾಗ ಅಂಚೆ ತೆರೆದು ನೋಡುವ ಒಬ್ಬರನ್ನು ಗೊತ್ತು ಮಾಡಿ.

ವಿಚಾರಣೆ ನಡೆಸುವುದು ಬೋರ್ಡಿನಿಂದ ಬೇರೆಯಾದ ಆಡಳಿತ ನ್ಯಾಯಾಧೀಶರು. ಅವರು ತೀರ್ಪಿನ ಕರಡು ಕೊಡುತ್ತಾರೆ. ಅದನ್ನು ಒಪ್ಪುವುದು, ಬಿಡುವುದು ಬೋರ್ಡಿನ ಕೈಯಲ್ಲಿದೆ. ಬಹಳಷ್ಟು ಕೇಸ್‌ಗಳು ಅಲ್ಲಿಯವರೆಗೂ ಹೋಗದೆ ರಾಜಿಯಲ್ಲಿ ಮುಗಿಯುತ್ತವೆ. ಕೆಲವು ವರ್ಷಗಳ ಪ್ರೊಬೇಷನ್, ಹೆಚ್ಚುವರಿ ಕೋರ್ಸ್, ಬೇರೊಬ್ಬ ಆಪ್ಟೋಮೆಟ್ರಿಸ್ಟ್‌ನಿಂದ ಚಾರ್ಟ್ ತಪಾಸಣೆ, ಇಂಥವು ಷರತ್ತುಗಳು. ತನಿಖೆಯ ಖರ್ಚನ್ನೂ ನಿಮ್ಮಿಂದಲೇ ವಸೂಲಿ ಮಾಡಬಹುದು. ಆದರೆ ಕೊಡುವ ಶಕ್ತಿ ಎಷ್ಟಿದೆ ಅಂತ ನೋಡಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಸುಪೀರಿಯರ್ ಕೋರ್ಟ್‌ಗೆ ಹೋಗಬಹುದು.

ಅರ್ಜಿ ನಿರಾಕರಣೆಯ ದಾರಿ ಸ್ವಲ್ಪ ಬೇರೆ. ನಿರಾಕರಿಸಿದ ಪತ್ರ ಬಂದ 60 ದಿನದೊಳಗೆ ವಿಚಾರಣೆ ಕೇಳಬೇಕು. ಅಲ್ಲಿ ತಾನು ಯೋಗ್ಯ ಅಂತ ತೋರಿಸುವ ಹೊಣೆ ಅರ್ಜಿದಾರರ ಮೇಲಿರುತ್ತದೆ. ಸೋತರೂ ಸಾಮಾನ್ಯವಾಗಿ ಒಂದು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು. ಪ್ರೊಬೇಷನ್ ಷರತ್ತಿನ ಲೈಸೆನ್ಸ್ ಕೊಡುವುದೂ ಉಂಟು. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಮುಂದೆ ಎಂದಾದರೂ ಕರ್ನಾಟಕಕ್ಕೆ ವಾಪಸ್ ಹೋಗಿ ಕೆಲಸ ಮಾಡುವ ಯೋಚನೆ ಇದ್ದರೆ ಇದೂ ಗೊತ್ತಿರಲಿ. ನೀವು ಬಿ.ಆಪ್ಟಮ್ ಓದುವ ಕಾಲಕ್ಕೆ ಭಾರತದಲ್ಲಿ ಆಪ್ಟೋಮೆಟ್ರಿಗೆ ಇಂಥ ಶಾಸನಬದ್ಧ ನೋಂದಣಿ ಬೇರೂರಿರಲಿಲ್ಲ. 2021ರ ರಾಷ್ಟ್ರೀಯ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ಆಪ್ಟೋಮೆಟ್ರಿಸ್ಟ್‌ಗಳನ್ನೂ ಒಳಗೆ ತಂದಿದೆ. ರಾಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಸುಳ್ಳು ಮಾಹಿತಿಯಿಂದ ನೋಂದಣಿ ಪಡೆದರೆ, ವೃತ್ತಿ ನಡತೆಯ ನಿಯಮ ಮುರಿದರೆ, ಆ ಹೆಸರನ್ನು ತೆಗೆದುಹಾಕುವ ಅಧಿಕಾರವನ್ನೂ ಕಾಯ್ದೆ ಕೊಟ್ಟಿದೆ. ಆಗ ಕ್ಯಾಲಿಫೋರ್ನಿಯಾದ ಬೋರ್ಡಿನಿಂದ ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ ಎಂಬ ಪತ್ರ ಕೇಳಿದರೆ ಕೊಡಲು ಅನುಕೂಲವಾಗುತ್ತದೆ. ಇಲ್ಲಿನ ಲೈಸೆನ್ಸ್ ಅವಧಿ ಮುಗಿದು ಬಾಕಿಬೀಳಲು ಬಿಡದೆ, ಬೇಡವಾದರೆ ಅಧಿಕೃತವಾಗಿ ನಿಷ್ಕ್ರಿಯ ಮಾಡಿಸಿಯೇ ಹೊರಡಿ.